ಆಸ್ಪರ್ಜರ್ ಮಕ್ಕಳ ಪಾಲಕರ ಗುಂಪು ಹುಬ್ಬಳ್ಳಿ-ಧಾರವಾಡದಾಗ ಶುರು ಮಾಡಬೇಕು, ಏನೇನು ನೋಡ್ಕೋಬೇಕು?

ಉಣಕಲ್_ಪಾಲಕರು ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡದ ಏಳು ಮನಿ, ಗದಗಿನ ಎರಡು, ಹಾವೇರಿದೊಂದು, ಒಟ್ಟು ಹತ್ತು ಕುಟುಂಬ ತಿಂಗಳಿಗೊಮ್ಮೆ ಕೂಡೋಣ ಅಂತ ಮಾತಾಡೀವಿ. ಮಕ್ಕಳ ವಯಸ್ಸು 7ರಿಂದ 14. ಎಲ್ಲಾರೂ ಚೊಲೊ ಮಾತಾಡ್ತಾರ, ಓದ್ತಾರ, ಸಾಮಾನ್ಯ ಸಾಲಿಗೇ ಹೋಗ್ತಾರ. ಕೆಲವರ ಹಳೆ ರಿಪೋರ್ಟಿನಾಗ ಆಸ್ಪರ್ಜರ್ (ಮಾತು, ಬುದ್ಧಿ ಚೊಲೊ ಇದ್ದೂ ಮಂದಿ ಜೊತಿ ಬೆರಿಯೂದು ಕಷ್ಟ ಆಗೂ ಥರದ ಆಟಿಸಂ) ಅಂತ ಐತಿ, ಹೊಸದ್ರಾಗ ಆಟಿಸಂ ಸ್ಪೆಕ್ಟ್ರಂ ಅಂತ ಬರದಾರ.

ತೊಂದರಿ ಏನಂದ್ರ, ಮಾತು ಬಾರದ ಮಕ್ಕಳ ಪಾಲಕರ ಜೊತಿ ಕೂತ್ರ "ನಿಮ್ಮ ಹುಡುಗ ಇಷ್ಟು ಮಾತಾಡ್ತಾನ, ನಿಮಗೇನ್ ಚಿಂತಿ" ಅಂತಾರ. ಸಾಲ್ಯಾಗ "ಇವಗ ಏನೂ ಆಗಿಲ್ಲ, ಬರೇ ಹಟಮಾರಿ" ಅಂತಾರ. ಎರಡೂ ಕಡೆ ಜಾಗ ಇಲ್ಲದಂಗ ಆಗೇತಿ. ಅದಕ್ಕ ಇವರಿಗೇ ಅಂತ ಒಂದು ಗುಂಪು ಬೇಕು.

ಕೇಳೋದು ಇಷ್ಟು. ಕೂಡೋ ಜಾಗ ಹೆಂಗಿರಬೇಕು, ಮಕ್ಕಳ ಕಡಿಂದ ಏನು ಮಾಡಿಸಬೇಕು? ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು ಈ ಮಕ್ಕಳಿಗೆ ಸಿಗ್ತದೇನು? ಸಾಲಿಗೆ ಏನಂತ ಬರಕೊಡಬೇಕು? ಗದಗ-ಹಾವೇರಿಯವರು ಪ್ರತಿ ತಿಂಗಳು ಬರೋದು ಕಷ್ಟ, ಅವರಿಗೇನು ದಾರಿ? ವಾಟ್ಸಾಪ್ ಗುಂಪಿಗೆ ನಿಯಮ ಬೇಕೇನು? ಗೊತ್ತಿದ್ದವರು ವಿವರವಾಗಿ ಹೇಳ್ರಿ.

ಥೆರಪಿ_ಸಾಧನಕೇರಿ:

ಕೋಣೆಯಿಂದ ಶುರು ಮಾಡಿ. ಇಂಥ ಗುಂಪುಗಳು ಮೂರನೇ ತಿಂಗಳಿಗೆ ಖಾಲಿಯಾದರೆ ಬಹಳ ಸಲ ತಪ್ಪು ಜಾಗದ್ದೇ ಆಗಿರುತ್ತದೆ. ಪುಕ್ಕಟೆ ಸಿಕ್ಕಿತೆಂದು ಕಲ್ಯಾಣ ಮಂಟಪವನ್ನೋ ಸಮುದಾಯ ಭವನವನ್ನೋ ಹಿಡಿಯುತ್ತಾರೆ. ನುಣುಪು ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ತಗಡಿನ ಚಾವಣಿ. ಹತ್ತು ಮಕ್ಕಳ ಮಾತು ಅಲ್ಲಿ ಮೂವತ್ತು ಮಕ್ಕಳ ಗದ್ದಲವಾಗುತ್ತದೆ. ಶಬ್ದಕ್ಕೆ ಸೂಕ್ಷ್ಮವಾದ ಮಗು ಕಾಲು ತಾಸಿನಲ್ಲಿ ಕಿವಿ ಮುಚ್ಚಿಕೊಂಡು ಬಾಗಿಲ ಕಡೆ ನಡೆಯುತ್ತದೆ. ತಾಯಿ "ನಮ್ಮವನಿಗೆ ಇಲ್ಲೂ ಹೊಂದಲಿಲ್ಲ" ಅಂದುಕೊಂಡು ಮುಂದಿನ ತಿಂಗಳು ಬರುವುದಿಲ್ಲ.

ಭಾನುವಾರ ಖಾಲಿ ಇರುವ ಯಾವುದಾದರೂ ಶಾಲೆಯ ಅಕ್ಕಪಕ್ಕದ ಎರಡು ತರಗತಿ ಕೋಣೆ ಕೇಳಿ. ಒಂದು ಮಕ್ಕಳಿಗೆ, ಒಂದು ಪಾಲಕರಿಗೆ. ಸುಮಾರು 20 ಅಡಿಗೆ 20 ಅಡಿ ಸಾಕು. ತೀರಾ ದೊಡ್ಡದಾದರೆ ಮಕ್ಕಳು ಓಡುತ್ತಾರೆ. ಕಾಂಪೌಂಡು, ಗೇಟಿಗೆ ಚಿಲಕ, ಹತ್ತಿರದಲ್ಲೇ ಶೌಚಾಲಯ ಇರಬೇಕು. ನೆಲಕ್ಕೆ ಮೂರ್ನಾಲ್ಕು ಜಮಖಾನ ಹಾಸಿ. ನವಲಗುಂದದ ದಪ್ಪ ಜಮಖಾನ ಇದ್ದರೆ ಇನ್ನೂ ಒಳ್ಳೆಯದು, ಪ್ರತಿಧ್ವನಿ ಅರ್ಧಕ್ಕರ್ಧ ಇಳಿದ ಹಾಗೆ ಅನಿಸುತ್ತದೆ. ಕಿಟಕಿಗೆ ದಪ್ಪ ಪರದೆ ಹಾಕಿದರೂ ಅದೇ ಕೆಲಸ ಮಾಡುತ್ತದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಆರಿಸಿಬಿಡಿ. ಅದರ ಗುಂಯ್‌ಗುಡುವ ಸದ್ದು, ಮಿಣುಕು ನಮಗೆ ಗೊತ್ತಾಗುವುದಿಲ್ಲ, ಈ ಮಕ್ಕಳಿಗೆ ಗೊತ್ತಾಗುತ್ತದೆ. ಕಿರುಗುಡುವ ಫ್ಯಾನಿಗೂ ಅದೇ ಮಾತು. ಒಂದು ವಾರ ಮೊದಲು ಅದೇ ದಿನ, ಅದೇ ಹೊತ್ತಿಗೆ ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಪಕ್ಕದ ಗ್ಯಾರೇಜು, ಗುಡಿಯ ಧ್ವನಿವರ್ಧಕ, ಜನರೇಟರು ಎಲ್ಲ ಆಗ ಕೇಳಿಸುತ್ತವೆ.

ಒಂದು ಮೂಲೆಗೆ ಎರಡು ಬೆಂಚು ಅಡ್ಡ ಇಟ್ಟು ಚಾದರ ಇಳಿಬಿಟ್ಟು ಶಾಂತ ಮೂಲೆ ಮಾಡಿ. ಒಳಗೆ ದಿಂಬು, ಕಿವಿ ಮುಚ್ಚುವ ಇಯರ್‌ಮಫ್ ಎರಡು ಜೊತೆ, ಹಿಚುಕುವ ಚೆಂಡು. ಅದು ಶಿಕ್ಷೆಯ ಜಾಗವಲ್ಲ ಎಂಬುದನ್ನು ಮೊದಲ ದಿನವೇ ತೋರಿಸಬೇಕು. ದೊಡ್ಡವರೊಬ್ಬರು ತಾವೇ ಹೋಗಿ ಎರಡು ನಿಮಿಷ ಕುಳಿತು ಎದ್ದು ಬಂದರೆ ಮಕ್ಕಳಿಗೆ ತಿಳಿಯುತ್ತದೆ.

ಹೊತ್ತು ಒಂದೂವರೆ ತಾಸು, ಅದಕ್ಕಿಂತ ಹೆಚ್ಚು ಬೇಡ. "ಪ್ರತಿ ತಿಂಗಳ ಎರಡನೇ ಭಾನುವಾರ, 10ರಿಂದ 11.30" ಎಂದು ಗೊತ್ತು ಮಾಡಿದರೆ ಅದನ್ನು ಕದಲಿಸಬೇಡಿ. ಎರಡು ದಿನ ಮೊದಲು ಎಲ್ಲ ಮನೆಗೂ ಐದು ಫೋಟೊ ಕಳಿಸಿ: ಗೇಟು, ಚಪ್ಪಲಿ ಬಿಡುವ ಜಾಗ, ಕೋಣೆ, ಶಾಂತ ಮೂಲೆ, ಶೌಚಾಲಯ. ಹೊಸ ಜಾಗದ ಗಾಬರಿ ಅರ್ಧ ಅಲ್ಲೇ ಇಳಿಯುತ್ತದೆ. ಗೋಡೆಯ ಮೇಲೆ ಅಂದಿನ ಕೆಲಸದ ಐದು ಚೀಟಿ ಅಂಟಿಸಿ, ಮುಗಿದದ್ದನ್ನು ಮಗುವಿನ ಕೈಯಿಂದಲೇ ತೆಗೆಸಿ. "ಕರೆಂಟು ಹೋಗಬಹುದು" ಎನ್ನುವ ಚೀಟಿಯೂ ಒಂದು ಇರಲಿ.

ಮಕ್ಕಳನ್ನು 7-10, 11-14 ಎಂದು ಎರಡು ಭಾಗ ಮಾಡಿ. ಮೂರು ಮಕ್ಕಳಿಗೆ ಒಬ್ಬ ದೊಡ್ಡವರು, ಶಾಂತ ಮೂಲೆಗೆ ಬೇರೆ ಒಬ್ಬರು. ಮೊದಲ 15 ನಿಮಿಷ ಒಬ್ಬೊಬ್ಬರೇ ಮಾಡುವ ಕೆಲಸ ಇರಲಿ, ಚಿತ್ರ, ಪಝಲ್ ಯಾವುದಾದರೂ. ಆಮೇಲೆ ಮೂವರ ಗುಂಪಿನಲ್ಲಿ ಲೆಗೊ ಥರದ ಬ್ಲಾಕ್ ಕಟ್ಟಿಸಿ. ಒಬ್ಬ ಎಂಜಿನಿಯರು, ಅವನ ಕೈಯಲ್ಲಿ ಮಾತ್ರ ನಕ್ಷೆ. ಒಬ್ಬ ಸಾಮಾನು ಕೊಡುವವ. ಒಬ್ಬ ಕಟ್ಟುವವ. ನಕ್ಷೆ ನೋಡಿ ಹೇಳದೆ ಸಾಮಾನು ಬರುವುದಿಲ್ಲ, ಸಾಮಾನು ಕೇಳಿ ಪಡೆಯದೆ ಕಟ್ಟಲಾಗುವುದಿಲ್ಲ. ಹೀಗೆ ಮಾತಿನ ಕೊಡುಕೊಳ್ಳುವಿಕೆ ಆಟದೊಳಗೇ ಕೂತಿರುತ್ತದೆ, ಯಾರೂ "ಮಾತಾಡು" ಎಂದು ಒತ್ತಾಯಿಸಬೇಕಾಗಿಲ್ಲ. 40-60 ತುಂಡಿನ ಸೆಟ್ ಸಾಕು. ದೊಡ್ಡ ಸೆಟ್ ತಂದರೆ ಆ ದಿನ ಮುಗಿಯದೆ ಉಳಿಯುತ್ತದೆ, ಅರ್ಧಕ್ಕೆ ಬಿಟ್ಟು ಹೋಗುವುದು ಇವರಿಗೆ ಬಹಳ ಕಷ್ಟ. ಪ್ರತಿ 10 ನಿಮಿಷಕ್ಕೆ ಪಾತ್ರ ಬದಲಾಗುತ್ತದೆಂದು ಮೊದಲೇ ಹೇಳಿ, ಕಾಣುವ ಟೈಮರ್ ಇಡಿ.

ಒಬ್ಬೊಬ್ಬರಿಗೂ ಒಂದೊಂದು ವಿಷಯದ ಗೀಳು ಇರುತ್ತದಲ್ಲ, ಅದನ್ನು ಅದುಮಬೇಡಿ. ಒಬ್ಬನಿಗೆ ಚಿಗರಿ ಬಸ್ಸಿನ ನಿಲ್ದಾಣವೆಲ್ಲ ಸಾಲಾಗಿ ಬಾಯಿಪಾಠ, ಇನ್ನೊಬ್ಬನಿಗೆ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್. ಅದಕ್ಕೊಂದು ಚೌಕಟ್ಟು ಕೊಡಿ: ಮೂರು ನಿಮಿಷ ಅವನು ಹೇಳುತ್ತಾನೆ, ಕೇಳುವ ಇಬ್ಬರು ಒಂದೊಂದು ಪ್ರಶ್ನೆ ಕೇಳಬೇಕು, ಆಮೇಲೆ ಸರದಿ ಬದಲು. ಹೊರಗೆ ಕರೆದುಕೊಂಡು ಹೋಗುವುದಾದರೆ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ ಒಳ್ಳೆಯ ಜಾಗ. ಜನ ಕಡಿಮೆ ಇರುವ ಹೊತ್ತು ಮೊದಲೇ ವಿಚಾರಿಸಿ ಹೋಗಿ.

ಕೆಡುವುದು ಎಲ್ಲಿ? ಮ್ಯೂಸಿಕಲ್ ಚೇರ್, ಬಲೂನು, ಎಲ್ಲರೂ ಒಮ್ಮೆಲೇ ಚಪ್ಪಾಳೆ ತಟ್ಟುವ ಹುಟ್ಟುಹಬ್ಬ, "ಅಂಕಲ್‌ಗೆ ಶೇಕ್‌ಹ್ಯಾಂಡ್ ಕೊಡು, ಕಣ್ಣು ನೋಡಿ ಮಾತಾಡು" ಎಂಬ ಒತ್ತಾಯ. ನಾಲ್ಕನ್ನೂ ಬಿಟ್ಟುಬಿಡಿ.

ಹಟ ಬೇರೆ, ಒತ್ತಡ ತಡೆಯಲಾಗದೆ ಮಗು ಕುಸಿಯುವ ಮೆಲ್ಟ್‌ಡೌನ್ ಬೇರೆ. ಹಟ ಮಾಡುವ ಮಗು ನೀವು ನೋಡುತ್ತಿದ್ದೀರೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡಿಕೊಳ್ಳುತ್ತದೆ, ಬೇಕಾದ್ದು ಸಿಕ್ಕಿದೊಡನೆ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್ ಆದ ಮಗುವಿಗೆ ಬೇಕಾದ್ದು ಕೊಟ್ಟರೂ ನಿಲ್ಲಿಸಲಾಗುವುದಿಲ್ಲ, ಅದು ಅದರ ಹಿಡಿತದಲ್ಲಿಲ್ಲ. ಆಗ ಒಬ್ಬರೇ ಹತ್ತಿರ ಇರಬೇಕು, ಉಳಿದವರು ಹಿಂದೆ ಸರಿಯಬೇಕು. ಮಾತು ಎರಡು-ಮೂರು ಪದ ಮಾತ್ರ: "ಇಲ್ಲೇ ಇದ್ದೀನಿ." ಕಾರಣ ಕೇಳುವುದು, ಬುದ್ಧಿ ಹೇಳುವುದು, ಮುಟ್ಟಿ ಸಮಾಧಾನ ಮಾಡುವುದು ಮೂರೂ ಬೆಂಕಿಗೆ ಎಣ್ಣೆ. ಸದ್ದಡಗಿದ ಮೇಲೂ ಅರ್ಧ ತಾಸು ಏನೂ ಕೇಳಬೇಡಿ, ನೀರು ಕೊಡಿ.

ಕಾಗದಪತ್ರ_ಧಾರವಾಡ:

ಯುಡಿಐಡಿ ಬಗ್ಗೆ. 2013ರಲ್ಲಿ ಅಮೆರಿಕದ ಮನೋರೋಗ ನಿರ್ಣಯದ ಕೈಪಿಡಿ ಡಿಎಸ್‌ಎಂ-5 ಬಂದಾಗ ಆಸ್ಪರ್ಜರ್ ಎಂಬ ಪ್ರತ್ಯೇಕ ಹೆಸರು ತೆಗೆದು ಆಟಿಸಂ ಸ್ಪೆಕ್ಟ್ರಂ ಒಳಗೆ ಸೇರಿಸಿದರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಹಾಗೆಯೇ. ಹಳೆಯ ರಿಪೋರ್ಟಿನಲ್ಲಿ ಎಫ್84.5 ಎಂದಿದ್ದರೆ ಅದು ಆಸ್ಪರ್ಜರ್ ಸಂಕೇತ. ಈಗಿನದರಲ್ಲಿ ಬುದ್ಧಿಮಟ್ಟಕ್ಕೆ ಕುಂದಿಲ್ಲದ, ಮಾತಿಗೆ ಅಷ್ಟೇನೂ ತೊಂದರೆ ಇಲ್ಲದ ಮಕ್ಕಳಿಗೆ 6ಎ02.0 ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಇರುವುದು ಆಟಿಸಂ ಸ್ಪೆಕ್ಟ್ರಂ. ಹಾಗಾಗಿ ಹಳೆಯ ರಿಪೋರ್ಟು ಎಸೆಯಬೇಡಿ, ಆದರೆ ಅರ್ಜಿಯಲ್ಲಿ ಆಟಿಸಂ ಸ್ಪೆಕ್ಟ್ರಂ ಎಂದೇ ತುಂಬಿ.

ಅಳೆಯುವುದು ಐಸಾ ಎಂಬ ಭಾರತೀಯ ಮಾಪಕದಿಂದ. ಆರು ವಿಭಾಗ, 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ ಎಂದು ಲೆಕ್ಕ. 70ರಿಂದ 106 ಸೌಮ್ಯ, ಅದಕ್ಕೂ ಮೇಲೆ 153ರವರೆಗೆ ಮಧ್ಯಮ. ಆಸ್ಪರ್ಜರ್ ಮಕ್ಕಳು ಎಡವುವುದು ಇಲ್ಲೇ. ಮಾತು ಇದೆ, ಪ್ರಶ್ನೆಗೆ ಉತ್ತರ ಕೊಡುತ್ತದೆ, ಒಬ್ಬರೇ ದೊಡ್ಡವರ ಎದುರು ಶಾಂತ ಕೋಣೆಯಲ್ಲಿ ಇಪ್ಪತ್ತು ನಿಮಿಷ ಜಾಣನ ಹಾಗೆ ಕೂರುತ್ತದೆ. ತರಗತಿಯ ಐವತ್ತು ಮಕ್ಕಳ ನಡುವೆ ಏನಾಗುತ್ತದೆ ಎಂಬುದು ಆ ಕೋಣೆಗೆ ಬರುವುದಿಲ್ಲ. ಅದನ್ನು ನೀವು ಕಾಗದದ ಮೇಲೆ ಒಯ್ಯಬೇಕು.

ಐಸಾದಲ್ಲಿ ಅಂಕಕ್ಕೆ ಶೇಕಡಾ ಅರ್ಥವಿದೆ: ಶೇ. 20ರವರೆಗೆ ಆಗುವುದಕ್ಕೆ 1, 21-40ಕ್ಕೆ 2, 41-60ಕ್ಕೆ 3, 61-80ಕ್ಕೆ 4, ಅದರ ಮೇಲೆ 5. ಪಾಲಕರು ಸಂಕೋಚಕ್ಕೆ "ಒಮ್ಮೊಮ್ಮೆ ರೀ" ಅನ್ನುತ್ತಾರೆ, ಅಂಕ 2 ಬೀಳುತ್ತದೆ. ಹೋಗುವ ಮುಂಚೆ 14 ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನಚರಿ ಬದಲಾದದ್ದಕ್ಕೆ ತಡೆಯಲಾಗದೆ ಕುಸಿದದ್ದು 14ರಲ್ಲಿ 9 ದಿನ ಎಂದಾದರೆ ಶೇ. 64, ಅಂದರೆ 4. ಇನ್ನೊಂದು: ನೀವು ಮನೆಯಲ್ಲಿ ಮಾಡಿಕೊಂಡ ಹೊಂದಾಣಿಕೆಯನ್ನೂ ಹೇಳಿ. "ಊಟಕ್ಕೆ ತೊಂದರೆ ಇಲ್ಲ" ಅನ್ನುವುದಕ್ಕಿಂತ "ಒಂದೇ ತಾಟು, ಬಿಳಿ ಅನ್ನ, ಬೇಳೆ ಬೇರೆ ಬಟ್ಟಲಲ್ಲಿ ಕೊಟ್ಟರೆ ಮಾತ್ರ ಊಟ, ಇಲ್ಲದಿದ್ದರೆ ಉಪವಾಸ" ಅಂದರೆ ವೈದ್ಯರಿಗೆ ಚಿತ್ರ ಸಿಗುತ್ತದೆ. ಇದ್ದದ್ದನ್ನು ಹೆಚ್ಚಿಸಿ ಹೇಳಬೇಡಿ, ಅಗತ್ಯವೂ ಇಲ್ಲ. ತರಗತಿ ಶಿಕ್ಷಕರಿಂದ ಅರ್ಧ ಪುಟದ ಬರಹ ತಂದರೆ ಬಹಳ ತೂಕ.

ಅರ್ಜಿ ಸ್ವಾವಲಂಬನ್ ಪೋರ್ಟಲಿನಲ್ಲಿ. ಆಧಾರ್, ವಿಳಾಸದ ದಾಖಲೆ, ಇತ್ತೀಚಿನ ಫೋಟೊ, ಹಳೆಯ ವೈದ್ಯಕೀಯ ದಾಖಲೆ. ತಿರಸ್ಕಾರಕ್ಕೆ ದೊಡ್ಡ ಕಾರಣ ಹೆಸರಿನ ಕಾಗುಣಿತ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರಿನಲ್ಲಿ ಒಂದು, ಶಾಲೆಯಲ್ಲಿ ತಂದೆಯ ಹೆಸರು ಸೇರಿಸಿ ಇನ್ನೊಂದು. ಮೊದಲು ಅದನ್ನು ಸರಿಮಾಡಿಸಿ. ಆಯ್ಕೆ ಮಾಡಿದ ಆಸ್ಪತ್ರೆಯಲ್ಲಿ ಆಟಿಸಂ ಮೌಲ್ಯಮಾಪನ ಯಾವ ವಾರ ನಡೆಯುತ್ತದೆಂದು ಕೇಳಿಕೊಂಡೇ ಹೊರಡಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು ಒಂದೇ ಆವರಣದಲ್ಲಿ ಸಿಗುವುದರಿಂದ ರೋಗನಿರ್ಣಯದ ವರದಿಗೆ ಅದು ಅನುಕೂಲ. ಕಾರ್ಡು ವೈಕಲ್ಯದ ಪ್ರಮಾಣ ಶೇ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 79ಕ್ಕೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಹೆಚ್ಚಿನ ಸವಲತ್ತು ಶುರುವಾಗುವುದು 40ರಿಂದ. ಪ್ರಮಾಣಪತ್ರ ತಾತ್ಕಾಲಿಕ ಎಂದಿದ್ದರೆ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಇನ್ನು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ. ಆಟಿಸಂ ಅದರೊಳಗೆ ಬರುತ್ತದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚಿಗೂ ಒಂದು ಮಿತಿಯವರೆಗೆ ಸಿಗುತ್ತದೆ. ಹಣ ಮೊದಲು ನೀವು ಕೊಟ್ಟು ಆಮೇಲೆ ಮರಳಿ ಪಡೆಯುವ ಪದ್ಧತಿ, ಹಾಗಾಗಿ ಪ್ರತಿ ಥೆರಪಿ ದಿನಾಂಕ ಬರೆದ, ಸಹಿ-ಮುದ್ರೆ ಇರುವ ಮೂಲ ರಸೀದಿ ಬೇಕು. ಪ್ರತಿ ವರ್ಷ ನವೀಕರಿಸಲು ಮರೆಯುವವರೇ ಹೆಚ್ಚು. ನಿಮ್ಮ ಗುಂಪಿನಲ್ಲಿ ಒಬ್ಬರು ಹತ್ತೂ ಮನೆಯ ದಿನಾಂಕದ ಪಟ್ಟಿ ಇಟ್ಟುಕೊಂಡು ಒಂದು ತಿಂಗಳು ಮೊದಲೇ ನೆನಪಿಸಿದರೆ, ಗುಂಪಿನಿಂದ ಆಗುವ ದೊಡ್ಡ ಉಪಕಾರ ಅದೇ.

ಸಾಲಿ_ಸಂಪನ್ಮೂಲ:

ಶಾಲೆಗೆ ಹತ್ತು ಪುಟದ ವೈದ್ಯಕೀಯ ವರದಿ ಕೊಟ್ಟರೆ ಅದು ಕಪಾಟಿಗೆ ಹೋಗುತ್ತದೆ. ಒಂದೇ ಪುಟ, ಕನ್ನಡದಲ್ಲಿ, ತರಗತಿಗೆ ಹೋಗುವ ಪ್ರತಿ ಶಿಕ್ಷಕರಿಗೂ ಒಂದು ಪ್ರತಿ. ಪಿ.ಟಿ. ಮಾಸ್ತರರನ್ನು ಮರೆಯಬೇಡಿ. ಅದರಲ್ಲಿ ಮಗುವಿಗೆ ಬಲವಾದದ್ದು ಏನು, ಕಂಗೆಡಿಸುವುದು ಏನು, ಕಂಗೆಟ್ಟಾಗ ಹೊರಗೆ ಕಾಣುವ ಗುರುತು ಏನು, ಆಗ ಏನು ಮಾಡಬೇಕು ಅಷ್ಟೇ ಇರಲಿ. ರೋಗದ ಹೆಸರಿಗಿಂತ ಈ ನಾಲ್ಕು ಮಾತು ಮುಖ್ಯ.

ಶಿಕ್ಷಕರು ತಪ್ಪಾಗಿ ತಿಳಿಯುವುದು ಹೆಚ್ಚಾಗಿ ಭಾಷೆಯಲ್ಲಿ. "ನಿನಗೆ ಎಷ್ಟು ಸಲ ಹೇಳಬೇಕು?" ಅಂದರೆ ಈ ಮಗು "ಮೂರು ಸಲ" ಎಂದು ಲೆಕ್ಕ ಹೇಳುತ್ತದೆ. ಅದು ಎದುರುತ್ತರವಲ್ಲ, ಪ್ರಶ್ನೆಗೆ ಉತ್ತರ. "ಬಾಯಿಗೆ ಬೀಗ ಹಾಕು", "ತಲೆ ತಿನ್ನಬೇಡ" ಇವೆಲ್ಲ ಹಾಗೆಯೇ. "ಎಲ್ಲರೂ ಪುಸ್ತಕ ತೆಗೆಯಿರಿ" ಅಂದಾಗ ಆ "ಎಲ್ಲರೂ" ಒಳಗೆ ತಾನೂ ಇದ್ದೇನೆಂದು ಕೆಲವರಿಗೆ ಹೊಳೆಯುವುದಿಲ್ಲ. ಹೆಸರು ಮೊದಲು ಕರೆದು, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು.

ಪಾಠದ ಹೊತ್ತಿಗಿಂತ ಬಿಡುವಿನ ಹೊತ್ತು ಅಪಾಯ. ನಿಯಮ ಇಲ್ಲದ ಇಪ್ಪತ್ತು ನಿಮಿಷ, ಮೈದಾನದ ಗದ್ದಲ, ಕೀಟಲೆ ಮಾಡುವವರಿಗೆ ಅದೇ ಅವಕಾಶ. ಆ ಹೊತ್ತಿಗೆ ಗ್ರಂಥಾಲಯದಲ್ಲೋ ಗಿಡಕ್ಕೆ ನೀರು ಹಾಕುವುದರಲ್ಲೋ ಒಂದು ಕೆಲಸ ಗೊತ್ತು ಮಾಡಿಸಿ. ಜೊತೆಗಾರರನ್ನು ವಾರಕ್ಕೊಬ್ಬರಂತೆ ಮೂವರ ನಡುವೆ ತಿರುಗಿಸಿ. ಸಾಧು ಸ್ವಭಾವದ ಒಂದೇ ಹುಡುಗಿಯ ಹೆಗಲಿಗೆ ವರ್ಷವಿಡೀ ಹೊರಿಸಿದರೆ ಆ ಮಗುವೂ ದಣಿಯುತ್ತದೆ. ಗಂಟೆ ಹೊಡೆಯುವ ಕೋಣೆಯಿಂದ ದೂರ, ಗೋಡೆ ಬದಿಯ ಬೆಂಚು ಕೊಡಿಸಿ. ಕೈಬರಹ ನಿಧಾನ ಇರುವವರಿಗೆ ಹಲಗೆಯ ಮೇಲಿನದ್ದನ್ನು ಫೋಟೊ ತೆಗೆದು ಕೊಡಲು ಕೇಳಿ. ಹೆಣ್ಣುಮಕ್ಕಳು ಶಾಲೆಯಲ್ಲಿ ಬೇರೆಯವರನ್ನು ನೋಡಿ ಅನುಕರಿಸಿ ದಿನ ದೂಡಿ, ಮನೆಗೆ ಬಂದು ಕುಸಿಯುತ್ತಾರೆ. "ಶಾಲೆಯಲ್ಲಿ ಚೆನ್ನಾಗಿಯೇ ಇರ್ತಾಳೆ" ಎಂಬ ಮಾತಿಗೆ ನಿಂತುಬಿಡಬೇಡಿ.

ಸರ್ಕಾರಿ ವ್ಯವಸ್ಥೆಯಲ್ಲಿ ನೀವು ಹಿಡಿಯಬೇಕಾದವರು ಬಿಆರ್‌ಸಿಯ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದ) ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಮುಖ್ಯ ಶಿಕ್ಷಕರ ಮೂಲಕ ಲಿಖಿತ ಕೋರಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಕೋರಿಕೆ ಮುಖ್ಯ ಶಿಕ್ಷಕರು ವರ್ಗವಾದ ದಿನ ಸತ್ತುಹೋಗುತ್ತದೆ. ಹೊಡೆಯುವುದು, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ವೈಕಲ್ಯ ಶೇ. 40 ಮತ್ತು ಮೇಲಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು 2016ರ ಕಾಯ್ದೆಯ 31ನೇ ಸೆಕ್ಷನ್ನಿನಲ್ಲಿದೆ. ಇವನ್ನು ಜಗಳದ ಮೊದಲ ಮಾತಾಗಿ ಎತ್ತಬೇಡಿ, ಆದರೆ ಕೈಯಲ್ಲಿರಲಿ.

ಎಸ್‌ಎಸ್‌ಎಲ್‌ಸಿ ರಿಯಾಯಿತಿಗೆ ಒಂಬತ್ತನೇ ತರಗತಿಯಲ್ಲೇ ಓಡಾಡಿ. ಕೇಂದ್ರ ಮಾರ್ಗಸೂಚಿ ಪ್ರಕಾರ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಮೂರು ತಾಸಿನ ಪರೀಕ್ಷೆಗೆ ಒಂದು ತಾಸು. ಬರಹಗಾರರ ಸಹಾಯ ಬೇಕಿದ್ದರೆ ಎಂಟನೇ ತರಗತಿಯ ಕಿರುಪರೀಕ್ಷೆಯಿಂದಲೇ ರೂಢಿ ಮಾಡಿಸಿ. ಹೇಳಿ ಬರೆಸುವುದು ಒಂದು ಬೇರೆಯೇ ಕೌಶಲ. ಪರೀಕ್ಷೆ ದಿನ ಅಪರಿಚಿತರೊಬ್ಬರು ಪಕ್ಕದಲ್ಲಿ ಕೂತರೆ ಉತ್ತರ ಗೊತ್ತಿದ್ದೂ ಬಾಯಿ ಕಟ್ಟುತ್ತದೆ.

ವಿಆರ್‌ಡಬ್ಲ್ಯೂ_ಹಾವೇರಿ_ಕಡೆ:

ಗದಗ, ಹಾವೇರಿಯವರ ಸಲುವಾಗಿ ಹೇಳ್ತೀನ್ರಿ. ಪ್ರತಿ ತಿಂಗಳು ಹುಬ್ಬಳ್ಳಿಗೆ ಕರದ್ರ ನಾಕನೇ ತಿಂಗಳಿಗೆ ನಿಲ್ತಾರ. ಹಾದಿ ಒಂದೂವರಿ ತಾಸು ಅಂದ್ರೂ ಬಸ್ಸಿನ ಗದ್ದಲದಾಗ ಹುಡುಗ ಮೊದಲ ದಣದಿರತಾನ, ಕೋಣಿಗೆ ಬರೋಷ್ಟರಾಗ ಅವನ ಶಕ್ತಿ ಮುಗದಿರತದ. ಮೂರು ತಿಂಗಳಿಗೊಮ್ಮೆ ಅವರು ಬರಲಿ, ನಡುವಿನ ಎರಡು ತಿಂಗಳು ಗದಗಿನವರು ಗದಗಿನಾಗ, ಹಾವೇರಿಯವರು ಜೊತಿಗೆ ಇನ್ನೊಂದು ಮನಿ ಹುಡುಕ್ಕೊಂಡು ಹಾವೇರಿ ಇಲ್ಲಾ ರಾಣೆಬೆನ್ನೂರಿನಾಗ ಕೂಡಲಿ. ಎರಡೇ ಮನಿ ಆದ್ರೂ ಕೂಡಲಿ. ಅದ ಹೊತ್ತಿಗೆ ಪಾಲಕರ ಮಾತುಕತಿ ಮಾತ್ರ ಫೋನಿನಾಗ ಹುಬ್ಬಳ್ಳಿ ಗುಂಪಿಗೆ ಜೋಡಿಸ್ರಿ. ಮಕ್ಕಳ ಆಟ ವಿಡಿಯೊದಾಗ ಮಾಡಾಕ ಹೋಗಬ್ಯಾಡ್ರಿ, ಅದು ಆಗೂದಿಲ್ಲ.

ಬರೋ ಮನಿಗೆ ಬಸ್ಸಿನ ಖರ್ಚು: ತಾಯಂದಿರಿಗೆ ಶಕ್ತಿ ಯೋಜನಿ ಐತಿ, 40ರ ಮ್ಯಾಲ ಕಾರ್ಡ್ ಇದ್ದ ಮಕ್ಕಳಿಗೆ ವಾಯವ್ಯ ಸಾರಿಗೆಯ ವಿಕಲಚೇತನರ ರಿಯಾಯಿತಿ ಪಾಸು ಕೇಳ್ರಿ.

ವಿಕಲಚೇತನರ ಪುನರ್ವಸತಿ ಕೆಲಸಕ್ಕ ಪ್ರತಿ ಗ್ರಾಮ ಪಂಚಾಯ್ತಿಗೆ ಒಬ್ಬರು ವಿಆರ್‌ಡಬ್ಲ್ಯೂ, ತಾಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯೂ ಅಂತ ಕಾರ್ಯಕರ್ತರು ಇರತಾರ. ಅರ್ಜಿ ತುಂಬೋದು, ಆಸ್ಪತ್ರಿ ದಿನ ವಿಚಾರಿಸೋದು ಅವರ ಕೆಲಸನ. ಆದ್ರ ಕುಂಟ, ಕುರುಡ ಅಂತ ಕಣ್ಣಿಗೆ ಕಾಣೂದು ಪಟ್ಟಿಗೆ ಬರತದ, ಕಾಣದ್ದು ಬಿಟ್ಟುಹೋಗತದ. ಆಸ್ಪರ್ಜರ್ ಹುಡುಗ ನಮ್ಮ ಸಮೀಕ್ಷಿಗೆ ಸಿಗೋದ ಇಲ್ಲ. ನೀವ ಹೋಗಿ ಹೆಸರು ಬರಸ್ರಿ. ಪಂಚಾಯ್ತಿ, ಪುರಸಭೆಗಳು ವಿಕಲಚೇತನರಿಗೆ ಅಂತ ಶೇ. 5 ಅನುದಾನ ತಗದಿಡತಾವ. ರೊಕ್ಕ ಕೇಳಿದ್ರ ಮುಂದ ಹೋಗತದ, ವಸ್ತು ಕೇಳ್ರಿ: ಇಯರ್‌ಮಫ್, ಬ್ಲಾಕ್ ಸೆಟ್, ಜಮಖಾನ, ಒಂದು ಕಪಾಟು. ಗ್ರಾಮಸಭೆಯೊಳಗ ಅರ್ಜಿ ಕೊಟ್ಟು ನಡಾವಳಿಯಾಗ ಬರಸ್ರಿ.

ಇನ್ನೂ ತಪಾಸಣಿ ಆಗದ ಮಕ್ಕಳು ಹಳ್ಯಾಗ ಬಾಳ ಅದಾವ. ಮಕ್ಕಳ ಆರೋಗ್ಯ ತಪಾಸಣಿ ಮಾಡೋ ಸರ್ಕಾರದ ಆರ್‌ಬಿಎಸ್‌ಕೆ ತಂಡ ಸಾಲಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರತದ, 18 ವರ್ಷದ ತನಕ ನೋಡ್ತಾರ. ಆ ದಿನ ಪಾಲಕರು ಒಂದು ಚೀಟಿ ಬರದು ಕೊಟ್ಟಿದ್ರ ಹುಡುಗ ಜಿಲ್ಲಾ ಕೇಂದ್ರಕ್ಕ ರೆಫರ್ ಆಗತಾನ, ಇಲ್ಲಂದ್ರ ಹಲ್ಲು, ಕಣ್ಣು ನೋಡಿ ಮುಂದ ಕಳಸತಾರ. ತಾಯಿಗೆ ರಾತ್ರಿ ಎದಿ ಒಡದಂಗ ಆದ್ರ 14416 ಟೆಲಿ-ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಐತಿ, ಕನ್ನಡದಾಗ ಮಾತಾಡ್ತಾರ, ಹಗಲು ರಾತ್ರಿ ನಡೀತದ.

ಊರಿನ ಹಿರಿಯರ ವಿಷಯ. ಅಜ್ಜಿ ದೃಷ್ಟಿ ತಗದ್ರ, ಹರಕಿ ಹೊತ್ರ ಬಿಡ್ರಿ, ಅದರ ಮ್ಯಾಲ ಜಗಳ ಕಾಯಬ್ಯಾಡ್ರಿ. ಆದ್ರ ಬರೆ ಹಾಕೂದು, ಹೊಗಿ ಹಾಕೂದು, ಉಪವಾಸ ಕೆಡವೂದು ಕೂಡದು ಅಂತ ಗಟ್ಟಿಯಾಗಿ ಹೇಳ್ರಿ. ಮತ್ತ ಅವರಿಗೊಂದು ಕೆಲಸ ಕೊಡ್ರಿ: ದಿನಾ ಸಂಜಿ ಆರಕ್ಕ ಅಜ್ಜನ ಜೋಡಿ ಅದ ಹಾದೀಲೆ ನಡಿಯೂದು. ಮಾತಿನಿಂದ ಒಪ್ಪದವರು ಕೆಲಸದಾಗ ಒಪ್ಪತಾರ.

ಜಾತ್ರಿಗೆ ಒಯ್ಯೋದಾದ್ರ ತೇರಿನ ಹೊತ್ತಿಗೆ ಬ್ಯಾಡ, ಮುಂಜಾನಿ ಏಳರೊಳಗ ದೇವರ ದರ್ಶನ ಮುಗಿಸ್ರಿ. ಕಿರಾಣಿ ಅಂಗಡಿಯವರು, ಆಟೋದವರು, ಪಕ್ಕದ ಮನಿ, ಈ ಮೂವರಿಗೆ ಹುಡುಗನ ಬಗ್ಗೆ ಎರಡು ಮಾತು ಹೇಳಿಟ್ರ ಅರ್ಧ ಊರಿಗೆ ಹೇಳಿದಂಗ. ಇನ್ನೊಂದು, ಬಿತ್ತಿಗಿ ಮತ್ತ ಮೆಣಸಿನಕಾಯಿ ಬಿಡಿಸೋ ದಿನದಾಗ ಸಭೆ ಇಟ್ರ ಹೊಲದ ಮಂದಿ ಬರಂಗಿಲ್ಲ. ಆಸಕ್ತಿ ಇಲ್ಲ ಅಂತ ತಿಳೀಬ್ಯಾಡ್ರಿ.

ಕೇಶ್ವಾಪುರ_ಗುಂಪು:

ವಾಟ್ಸಾಪ್ ನಿಯಮ ಖಂಡಿತ ಬೇಕು. ಎರಡು ಗುಂಪು ಮಾಡಿ. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯುವ ಸೂಚನೆಗಳು, ಇನ್ನೊಂದು ಮಾತಿಗೆ. ಒಂದೇ ಆದರೆ ಶುಭೋದಯದ ಚಿತ್ರಗಳ ಅಡಿಯಲ್ಲಿ ಸಭೆಯ ದಿನಾಂಕ ಹೂತುಹೋಗುತ್ತದೆ. ಮಕ್ಕಳ ಫೋಟೊ, ವಿಡಿಯೊ, ವರದಿ ಯಾವುದನ್ನೂ ಹಾಕುವಂತಿಲ್ಲ. ಮೆಲ್ಟ್‌ಡೌನ್ ವಿಡಿಯೊ ಅಂತೂ ಸಲಹೆ ಕೇಳುವುದಕ್ಕೂ ಬೇಡ. ಆ ಮಗು ಮುಂದೆ ಬೆಳೆದು ಅದನ್ನು ನೋಡುತ್ತದೆ. ಮಾತ್ರೆಯ ಹೆಸರು, ಪ್ರಮಾಣ ಹಂಚಿಕೊಳ್ಳಬಾರದು, ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಚಿಕಿತ್ಸೆ ಮಾರುವವರಿಗೆ ಪ್ರವೇಶವಿಲ್ಲ. ಸ್ಟೆಮ್ ಸೆಲ್ ಎಂದು ಲಕ್ಷಗಟ್ಟಲೆ ಕೇಳುವವರು ಇಂಥ ಗುಂಪುಗಳನ್ನೇ ಹುಡುಕಿ ಬರುತ್ತಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ಥೆರಪಿಸ್ಟ್ ಹುಡುಕುವಾಗ ಸ್ಪೀಚ್, ಸೈಕಾಲಜಿ, ವಿಶೇಷ ಶಿಕ್ಷಣದವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಇದೆಯೇ ಕೇಳಿ.

ಪಾಲಕರ ಕೋಣೆಯಲ್ಲಿ ಭಾಷಣ ಬೇಡ. ಒಂದು ಸಭೆಗೆ ಎರಡೇ ಮನೆಯ ವಿಷಯ, ತಲಾ 25 ನಿಮಿಷ. ಮೊದಲ ಹತ್ತು ನಿಮಿಷ ಹೇಳುವವರದ್ದು, ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಪ್ರಶ್ನೆ. ಸಲಹೆ ಕೊನೆಗೆ, ಕೇಳಿದರೆ ಮಾತ್ರ. "ನಮ್ಮವನು ಇಷ್ಟೊತ್ತಿಗೆ ಹಿಂಗಿದ್ದ" ಎಂಬ ಹೋಲಿಕೆ ಗುಂಪನ್ನು ಒಳಗಿನಿಂದ ತಿನ್ನುತ್ತದೆ, ನಡೆಸುವವರು ಅಲ್ಲಿಯೇ ತಡೆಯಬೇಕು. ಮಗುವಿನ ಬಗ್ಗೆ ಮಗುವಿನ ಎದುರಿಗೆ ಮಾತಾಡುವುದಂತೂ ಯಾವತ್ತಿಗೂ ಇಲ್ಲ. ತಲೆ ತಗ್ಗಿಸಿ ಬ್ಲಾಕ್ ಜೋಡಿಸುತ್ತಿದ್ದರೂ ಈ ಮಕ್ಕಳು ಒಂದಕ್ಷರ ಬಿಡದೆ ಕೇಳಿಸಿಕೊಂಡಿರುತ್ತಾರೆ. ಅಪ್ಪಂದಿರು ಹೊರಗೆ ಬೈಕಿನ ಹತ್ತಿರ ನಿಲ್ಲುವುದು ಸಾಮಾನ್ಯ. ಮಕ್ಕಳ ಕೋಣೆಯ ಬ್ಲಾಕ್ ಕೆಲಸಕ್ಕೆ ಅವರ ಸರದಿ ಹಾಕಿ. ಒಡಹುಟ್ಟಿದವರನ್ನು ಸ್ವಯಂಸೇವಕರನ್ನಾಗಿ ಮಾಡಬೇಡಿ, ಅವರೂ ಮಕ್ಕಳೇ.

ನೋಂದಣಿ ಮೊದಲ ವರ್ಷ ಬೇಡ. 1960ರ ಸಂಘಗಳ ಕಾಯ್ದೆಯಡಿ ಏಳು ಜನ ಇದ್ದರೆ ಸಂಘ ಆಗುತ್ತದೆ, ಆದರೆ ಅಧ್ಯಕ್ಷರು ಯಾರು ಎಂಬಲ್ಲಿಗೆ ಮಾತು ಹೋದರೆ ಮಕ್ಕಳ ವಿಷಯ ಹಿಂದೆ ಬೀಳುತ್ತದೆ.

ಉಣಕಲ್_ಪಾಲಕರು:

ಬಾಳ ಉಪಕಾರ ಆತ್ರಿ. ಇನ್ನ ಎರಡು. 14ರ ಹುಡುಗ "ನನ್ನನ್ಯಾಕ ಅಲ್ಲಿಗೆ ಕರ್ಕೊಂಡ್ ಹೊಂಟೀರಿ, ನನಗೇನಾಗೇತಿ" ಅಂತ ಕೇಳ್ತಾನ. ಏನು ಹೇಳಬೇಕು? ಮತ್ತ ಮೊದಲ ಸಭೆ ಗಣಪತಿ ಹಬ್ಬದ ತಿಂಗಳದಾಗ ಬರೂ ಹಂಗ ಕಾಣತದ.

ಥೆರಪಿ_ಸಾಧನಕೇರಿ:

ಕೇಳಿದ್ದಾನೆ ಅಂದರೆ ಹೇಳುವ ಹೊತ್ತು ಬಂದಿದೆ. ಸುಳ್ಳು ನೆಪ ಹೇಳಿದರೆ ಈ ಮಕ್ಕಳು ಅದನ್ನು ವರ್ಷಗಟ್ಟಲೆ ನೆನಪಿಟ್ಟು ನಂಬುವುದು ಬಿಡುತ್ತಾರೆ. ಸಮಾಧಾನದ ದಿನ, ಮನೆಯಲ್ಲಿ, ಇಬ್ಬರೇ ಇದ್ದಾಗ, ಅವನು ತಾನೇ ಗಮನಿಸಿರುವುದರಿಂದ ಶುರು ಮಾಡಿ: "ನಿನಗೆ ಮಿಕ್ಸರ್ ಸದ್ದು ಬೇರೆಯವರಿಗಿಂತ ಜೋರಾಗಿ ಕೇಳುತ್ತದಲ್ಲ, ರೈಲಿನ ನಂಬರು ಒಂದೇ ಸಲಕ್ಕೆ ನೆನಪಿರುತ್ತದಲ್ಲ. ಮೆದುಳು ಹೀಗೆ ಕೆಲಸ ಮಾಡುವುದಕ್ಕೆ ಒಂದು ಹೆಸರಿದೆ." ಹೆಸರು ಹೇಳಿ. ರೋಗ, ಕೊರತೆ ಎಂಬ ಪದ ಬೇಡ, "ನೀನು ದೇವರ ಮಗು" ಎಂಬಂಥದ್ದೂ ಬೇಡ. ಪ್ರಶ್ನೆ ಆಗಲೇ ಬರದಿರಬಹುದು, ನಾಲ್ಕು ದಿನ ಬಿಟ್ಟು ಬಂದೀತು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಅವನೇ ತೀರ್ಮಾನಿಸಲಿ. ಸಭೆಗೆ ಬರುವುದೂ ಬಿಡುವುದೂ ಅವನದೇ. ಮೊದಲ ಸಲ ಅರ್ಧ ತಾಸು ಬಂದು ಹೋದರೂ ನಡೆಯುತ್ತದೆ.

ಗಣಪತಿ ಕೂತ ಹನ್ನೊಂದು ದಿನ ಹುಬ್ಬಳ್ಳಿಯಲ್ಲಿ ಮೊದಲ ಸಭೆ ಖಂಡಿತ ಬೇಡ. ವಿಸರ್ಜನೆಯ ಡಿಜೆ, ಪಟಾಕಿಯ ನಡುವೆ ಬಂದ ಮಗು ಕೋಣೆಗೂ ಆ ಸದ್ದಿಗೂ ಗಂಟು ಹಾಕಿಕೊಂಡರೆ ಬಿಡಿಸುವುದು ಕಷ್ಟ. ಹಬ್ಬ ಮುಗಿದು ಎರಡು ವಾರ ಬಿಟ್ಟು ಇಡಿ, ಅಲ್ಲಿಂದ ಎರಡನೇ ಭಾನುವಾರವನ್ನು ಹಿಡಿಯಿರಿ.

ಫೋಟೊ ವಿಷಯದಲ್ಲಿ ಒಂದು ಬಿಟ್ಟುಹೋಗಿತ್ತು. ಬಾಗಿಲು ತೆರೆದಿರುವುದು, ಮುಚ್ಚಿರುವುದು ಎರಡೂ ಫೋಟೊ ಕಳಿಸಿ. ತೆರೆದ ಬಾಗಿಲನ್ನಷ್ಟೇ ನೋಡಿಕೊಂಡು ಬಂದ ಮಗು ಮುಚ್ಚಿದ ಬಾಗಿಲು ಕಂಡರೆ ಮೆಟ್ಟಿಲ ಮೇಲೆಯೇ ನಿಂತುಬಿಡುತ್ತದೆ.